ಗ್ಯಾಡೋಲಿನಿಯಂ ಚೂರು, ದಾವಣಗೆರೆಯ ಹವೆ ಮತ್ತು ಕ್ಯೂರಿ ಬಿಂದು

“ಮೇಡಂ, 769 ಡಿಗ್ರಿಗೆ ಮ್ಯಾಗ್ನೆಟ್ ಇದ್ದಿದ್ದು 771ಕ್ಕೆ ಇರಲ್ಲ ಅಂದ್ರೆ, ಆ ಎರಡು ಡಿಗ್ರಿನಾಗೆ ಏನಾಗ್ತೈತೆ?”

ಎರಡನೇ ವರ್ಷದ ಬಿಎಸ್ಸಿ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಜಗಳೂರು ಕಡೆಯವನು. ಕಬ್ಬಿಣದ ಕ್ಯೂರಿ ತಾಪಮಾನ 770 ಡಿಗ್ರಿ ಸೆಲ್ಸಿಯಸ್ ಅಂತ ನಾನು ಬೋರ್ಡಿನ ಮೇಲೆ ಬರೆದಿದ್ದೆ ಅಷ್ಟೇ. ಪಠ್ಯದಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು. ಈ ತಾಪಮಾನ (ಕ್ಯೂರಿ ಬಿಂದು ಅಂತಲೂ ಅನ್ನುತ್ತಾರೆ) ದಾಟಿದರೆ ಫೆರೋಮ್ಯಾಗ್ನೆಟ್ (ಪರಮಾಣುಗಳು ತಾವಾಗಿ ಒಂದೇ ಕಡೆ ತಿರುಗಿ ನಿಲ್ಲುವ ವಸ್ತು) ಆಗಿದ್ದದ್ದು ಪ್ಯಾರಾಮ್ಯಾಗ್ನೆಟ್ (ಹೊರಗಿನ ಮ್ಯಾಗ್ನೆಟ್ ಇದ್ದಾಗ ಮಾತ್ರ ಹಾಗೆ ತಿರುಗುವ ವಸ್ತು) ಆಗುತ್ತದೆ, ಮುಗೀತು. ಆ ಸಾಲಿನ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಕಾಂತತ್ವದಲ್ಲಿ ಎಲ್ಲಕ್ಕಿಂತ ಚೆಂದದ ಭಾಗ ಅದರೊಳಗೇ ಮುಚ್ಚಿಹೋಗಿದೆ. ಹುಡುಗನಿಗೆ ತರಗತಿಯಲ್ಲಿ ಹೇಳಲು ಸಮಯ ಸಾಲಲಿಲ್ಲ. ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ನೇರ ಉತ್ತರ. ಆ ಎರಡು ಡಿಗ್ರಿಯಲ್ಲಿ ಕಾಂತತ್ವ ಪೂರ್ತಿ ಎತ್ತರದಿಂದ ಧೊಪ್ಪನೆ ಬೀಳುವುದಿಲ್ಲ. ಅದು ಮೊದಲಿಂದಲೇ ಇಳಿಯುತ್ತಾ ಬಂದಿರುತ್ತದೆ. ನಮ್ಮ ಕೋಣೆಯ ಬಿಸಿಯಲ್ಲಿ ಕಬ್ಬಿಣಕ್ಕೆ ತನ್ನ ಪೂರ್ತಿ ಕಾಂತತ್ವದ ಶೇ. 98ರಷ್ಟು ಇರುತ್ತದೆ. 700 ಡಿಗ್ರಿಯಲ್ಲಿ ಕಬ್ಬಿಣ ಕೆಂಪಗೆ ಹೊಳೆಯುತ್ತಿರುವಾಗಲೂ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತದೆ. ಅಲ್ಲಿಂದ ಮುಂದೆ ಕಡಿದಾದ ಇಳಿಜಾರು. 769ಕ್ಕೆ ಬರುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. 770ಕ್ಕೆ ಸೊನ್ನೆ.

ಇಲ್ಲಿ ನಾನು ಹೇಳುತ್ತಿರುವುದು ಕಬ್ಬಿಣದ ಒಳಗಿನ ಒಂದೊಂದು ಪುಟ್ಟ ವಲಯದ ಕಾಂತತ್ವ. ಅಂಗಡಿಯಿಂದ ತಂದ ಮೊಳೆ ಇನ್ನೊಂದು ಮೊಳೆಯನ್ನು ತಾನಾಗಿ ಎಳೆಯುವುದಿಲ್ಲ, ಅಲ್ವಾ? ಅದರ ವಲಯಗಳು ದಿಕ್ಕಿಗೊಂದು ಮುಖ ಮಾಡಿರುತ್ತವೆ, ಒಂದರ ಬಲವನ್ನು ಇನ್ನೊಂದು ಕಳೆದುಬಿಡುತ್ತದೆ. ಆದರೆ ಯಾವುದೇ ಒಂದು ವಲಯದ ಒಳಗೆ ಹೋಗಿ ನೋಡಿದರೆ ಪರಮಾಣುಗಳೆಲ್ಲ ಒಂದೇ ಕಡೆ ತಿರುಗಿರುತ್ತವೆ.

ಆ ಇಳಿಜಾರಿಗೆ ಒಂದು ಲೆಕ್ಕವೂ ಇದೆ. ಅಂಚಿಗೆ, ಅಂದರೆ ಕ್ಯೂರಿ ತಾಪಮಾನಕ್ಕೆ, ಇನ್ನೂ 8 ಡಿಗ್ರಿ ಇರುವಾಗ ಎಷ್ಟು ಕಾಂತತ್ವ ಇರುತ್ತದೋ, 1 ಡಿಗ್ರಿ ಇರುವಾಗ ಹೆಚ್ಚು ಕಮ್ಮಿ ಅದರ ಅರ್ಧ ಇರುತ್ತದೆ. ದೂರ ಎಂಟು ಪಟ್ಟು ಕಮ್ಮಿಯಾದರೂ ಕಾಂತತ್ವ ಕಮ್ಮಿಯಾಗುವುದು ಎರಡು ಪಟ್ಟು ಮಾತ್ರ. ಘನಮೂಲಕ್ಕೆ ತೀರಾ ಹತ್ತಿರದ ಲೆಕ್ಕ ಇದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹರಿಹರ ರಸ್ತೆ ಕಡೆ ಒಂದು ಕುಲುಮೆ ಇದೆ. ಕುಡುಗೋಲು, ಕೊಡಲಿ, ಗುದ್ದಲಿ ಹದ ಮಾಡಿಕೊಡುತ್ತಾರೆ. ತಿದಿಯ ಜಾಗಕ್ಕೆ ಈಗ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದೆಲ್ಲ ಹಳೆಯದೇ. ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಉದ್ದ ತಂತಿಗೆ ಮ್ಯಾಗ್ನೆಟ್ ಕಟ್ಟಿ ಕೆಂಪಗೆ ಕಾದ ಕುಡುಗೋಲಿನ ಹತ್ತಿರ ಇಳಿಬಿಟ್ಟರೆ ಅದು ಅಲುಗಾಡಲಿಲ್ಲ. ಇಕ್ಕಳದಲ್ಲಿ ಹಿಡಿದು ಆರಲು ಬಿಟ್ಟರು. ಬಣ್ಣ ಸ್ವಲ್ಪ ಮಂಕಾಯಿತು ನೋಡಿ, ಮ್ಯಾಗ್ನೆಟ್ ಕುಡುಗೋಲಿನ ಕಡೆ ವಾಲಿತು. “ನಮಗೆ ಮ್ಯಾಗ್ನೆಟ್ ಯಾಕ್ ಬೇಕ್ರೀ ಮೇಡಮ್ನೋರೇ, ಬಣ್ಣ ನೋಡಿದ್ರೆ ಗೊತ್ತಾಗ್ತೈತೆ” ಅಂದರು ಕುಲುಮೆಯ ಯಜಮಾನರು. ನಿಜವಾಗಿಯೂ ಗೊತ್ತಾಗುತ್ತದೆ. ಅವರು ನೀರಿಗೆ ಅದ್ದಲು ಕಾಯುವ ಬಣ್ಣವೂ, ಕಾಯಿಸುವಾಗ ಉಕ್ಕು ಮ್ಯಾಗ್ನೆಟ್ಟಿಗೆ ಜಗ್ಗದೇ ಹೋಗುವ ಬಣ್ಣವೂ ಬಹಳ ಹತ್ತಿರ. ಬೇರೆ ದೇಶಗಳಲ್ಲಿ ಎಷ್ಟೋ ಕಮ್ಮಾರರು ಹದದ ಬಿಸಿ ತಿಳಿಯಲು ಮ್ಯಾಗ್ನೆಟ್ಟನ್ನೇ ಬಳಸುತ್ತಾರೆ.

ಕಾದ ಕಬ್ಬಿಣವನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ಅನ್ನುವುದನ್ನು ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿದ್ದರು. ಪಿಯರ್ ಕ್ಯೂರಿ ತಮ್ಮ ಡಾಕ್ಟರೇಟ್ ಕೆಲಸಕ್ಕಾಗಿ ಇದನ್ನು ಚೊಕ್ಕವಾಗಿ ಅಳೆದು ಮುಗಿಸಿದ್ದು 1895ರಲ್ಲಿ. ಆದರೂ 770ರಲ್ಲಿ ಆಗುವುದು ಎಂಥ ಬದಲಾವಣೆ ಅನ್ನುವ ಗೊಂದಲ ಇನ್ನೂ ಬಹಳ ಕಾಲ ಇತ್ತು. ಲೋಹಶಾಸ್ತ್ರ ಓದಿದವರಿಗೆ ಆಲ್ಫಾ ಕಬ್ಬಿಣ, ಗಾಮಾ ಕಬ್ಬಿಣ, ಡೆಲ್ಟಾ ಕಬ್ಬಿಣ ಗೊತ್ತು. ಬೀಟಾ ಎಲ್ಲಿ ಹೋಯಿತು? 770ರಿಂದ 912 ಡಿಗ್ರಿವರೆಗಿನ ಕಬ್ಬಿಣವನ್ನು ಹಿಂದೆ ಬೀಟಾ ಅನ್ನುತ್ತಿದ್ದರು. ಅದು ಬೇರೆಯೇ ಬಗೆಯ ಕಬ್ಬಿಣ ಅಂತ ನಂಬಿದ್ದರು. 1920ರ ದಶಕದ ಎಕ್ಸ್-ರೇ ಪ್ರಯೋಗಗಳು ಆ ನಂಬಿಕೆಯನ್ನು ತೆಗೆದುಹಾಕಿದವು. 770ರ ಈಚೆಗೂ ಆಚೆಗೂ ಪರಮಾಣುಗಳ ಜೋಡಣೆ ಒಂದೇ. ಜೋಡಣೆ ಬದಲಾಗುವುದು 912ರಲ್ಲಿ. ಹಾಗಾಗಿ 770ರಲ್ಲಿ ಮಂಜುಗಡ್ಡೆ ಕರಗುವಾಗ ಹೀರುವಂಥ ಗುಪ್ತ ಉಷ್ಣವೂ ಇಲ್ಲ. ಒಂದು ಡಿಗ್ರಿ ಏರಿಸಲು ಬೇಕಾದ ಶಾಖ ಮಾತ್ರ ಆ ಜಾಗದಲ್ಲಿ ಚೂಪಾಗಿ ಏರಿ ಮತ್ತೆ ಇಳಿಯುತ್ತದೆ.

ಕುಲುಮೆಯಲ್ಲಿ ಇದನ್ನೆಲ್ಲ ನಿಧಾನವಾಗಿ ನೋಡಲು ಆಗುವುದಿಲ್ಲ. ಕಬ್ಬಿಣ ಆರುವ ವೇಗಕ್ಕೆ 8 ಡಿಗ್ರಿ, 1 ಡಿಗ್ರಿ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತವೆ. ಅದಕ್ಕೇ ನನಗೆ ಗ್ಯಾಡೋಲಿನಿಯಂ ಅಂದರೆ ಇಷ್ಟು ಪ್ರೀತಿ.

ಗ್ಯಾಡೋಲಿನಿಯಂ ಒಂದು ವಿರಳ ಭಸ್ಮ ಲೋಹ, ಪರಮಾಣು ಸಂಖ್ಯೆ 64. ನೋಡಲು ಬೆಳ್ಳಿ ಬಣ್ಣ. ಇದೂ ಫೆರೋಮ್ಯಾಗ್ನೆಟ್ ಅಂತ ಫ್ರಾನ್ಸಿನಲ್ಲಿ 1935ರಲ್ಲಿ ಕಂಡುಕೊಂಡರು. ಇದರ ಕ್ಯೂರಿ ತಾಪಮಾನ ಸುಮಾರು 20 ಡಿಗ್ರಿ ಸೆಲ್ಸಿಯಸ್. ಇದನ್ನು ಮತ್ತೊಮ್ಮೆ ಓದಿ. ಕಬ್ಬಿಣಕ್ಕೆ 770, ನಿಕ್ಕಲ್‌ಗೆ 358ರ ಆಸುಪಾಸು, ಕೋಬಾಲ್ಟ್‌ಗೆ 1100ಕ್ಕೂ ಮೇಲೆ. ಗ್ಯಾಡೋಲಿನಿಯಂಗೆ ಬರೀ 20. ಜನವರಿಯಲ್ಲಿ ದಾವಣಗೆರೆಯ ಬೆಳಗಿನ ಜಾವ 15, 16 ಡಿಗ್ರಿ ಇರುತ್ತದೆ. ಮಧ್ಯಾಹ್ನ 28 ದಾಟುತ್ತದೆ. ಏಪ್ರಿಲ್ ಬಂದರೆ 38. ಅಂದರೆ ನಮ್ಮೂರಿನ ಹವೆಯೇ ಈ ಲೋಹವನ್ನು ಅಂಚಿನ ಈಚೆಗೂ ಆಚೆಗೂ ದಾಟಿಸುತ್ತಾ ಇರುತ್ತದೆ. ಕುಲುಮೆಯೂ ಬೇಡ, ಒಲೆಯೂ ಬೇಡ.

ಬೆಂಗಳೂರಿನ ಲ್ಯಾಬೊಂದರಲ್ಲಿರುವ ಗೆಳತಿ ಒಂದು ಸಣ್ಣ ಚೂರು ಕೊಟ್ಟಳು. ಗಾಳಿ ತೇವಕ್ಕೆ ಮಂಕಾಗುತ್ತದೆ ಅಂತ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿಟ್ಟಿದ್ದೇನೆ. ಚಿನ್ನದ ಅಂಗಡಿಯವರು ಬಳಸುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ನನ್ನ ಹತ್ತಿರ ಇದೆ. ಅದರ ಮೇಲೆ ಎತ್ತರದ ಮರದ ತುಂಡು, ತುಂಡಿನ ಮೇಲೆ ಚೂರು. ಸ್ಟ್ಯಾಂಡಿಗೆ ಕಟ್ಟಿದ ನಿಯೋಡಿಮಿಯಂ ಮ್ಯಾಗ್ನೆಟ್ ಅದರ ಮೇಲೆ, ಒಂದೇ ಎತ್ತರದಲ್ಲಿ. ಮ್ಯಾಗ್ನೆಟ್ ಚೂರನ್ನು ಎಷ್ಟು ಮೇಲಕ್ಕೆ ಎಳೆಯುತ್ತದೋ ತಕ್ಕಡಿಯ ತೂಕ ಅಷ್ಟು ಇಳಿಯುತ್ತದೆ. ಮರದ ತುಂಡು ಎತ್ತರ ಇರಲೇಬೇಕು, ಮ್ಯಾಗ್ನೆಟ್ ತಕ್ಕಡಿಗೆ ಹತ್ತಿರವಾದರೆ ರೀಡಿಂಗ್ ಕೆಡುತ್ತದೆ. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಲ್ಯಾಬಿನ ಕಿಟಕಿ ತೆರೆದಿಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಬರೆದುಕೊಳ್ಳುತ್ತಾ ಕೂತರೆ ಆಯಿತು.

ಮುಂಜಾನೆ ಸೆಳೆತ ಜೋರು. ಹೊತ್ತೇರಿದ ಹಾಗೆ ಇಳಿಯುತ್ತದೆ. 20 ಡಿಗ್ರಿ ದಾಟಿದ ಮೇಲೂ ಸೆಳೆತ ಸೊನ್ನೆಯಾಗುವುದಿಲ್ಲ. 28ರಲ್ಲೂ ಮ್ಯಾಗ್ನೆಟ್ ಚೂರನ್ನು ಚೆನ್ನಾಗಿಯೇ ಎಳೆಯುತ್ತಿರುತ್ತದೆ. ಹುಡುಗರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಪ್ಯಾರಾಮ್ಯಾಗ್ನೆಟ್ ಅಂದರೆ ಮ್ಯಾಗ್ನೆಟ್ಟಿಗೆ ಹೆಚ್ಚು ಕಮ್ಮಿ ಸ್ಪಂದಿಸದ ವಸ್ತು ಅಂತಲೇ ಅವರು ತಿಳಿದಿರುತ್ತಾರೆ. ಅಂಚಿನ ಹತ್ತಿರ ಅದು ಹಾಗಲ್ಲ. ಹೊರಗಿನ ಮ್ಯಾಗ್ನೆಟ್ಟಿಗೆ ವಸ್ತು ಎಷ್ಟು ಓಗೊಡುತ್ತದೆ ಅನ್ನುವುದು, ಕ್ಯೂರಿ–ವೈಸ್ ನಿಯಮದ ಪ್ರಕಾರ, ಅಂಚಿನಿಂದ ಎಷ್ಟು ಡಿಗ್ರಿ ದೂರ ಇದೆಯೋ ಅದರ ವಿಲೋಮ. 28 ಡಿಗ್ರಿ ಅಂದರೆ 8 ಡಿಗ್ರಿ ದೂರ, ಏಪ್ರಿಲ್‌ನ 38 ಅಂದರೆ 18 ಡಿಗ್ರಿ ದೂರ. ಜನವರಿ ಮಧ್ಯಾಹ್ನದ ಸೆಳೆತ ಏಪ್ರಿಲ್ ಮಧ್ಯಾಹ್ನಕ್ಕೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಂಚಿಗೆ ಹತ್ತಿರವಾದಷ್ಟೂ ಈ ಸಂವೇದನೆ ಏರುತ್ತಲೇ ಹೋಗುತ್ತದೆ. ಎಷ್ಟೇ ಸಣ್ಣ ಪ್ರೇರಣೆ ಕೊಟ್ಟರೂ ದೊಡ್ಡ ಉತ್ತರ. ಇನ್ನೊಂದು ಮಾತು. 20ರಲ್ಲಿ ಗೆರೆಯ ಮೇಲೆ ಚೂಪಾದ ತಿರುವು ಕಾಣಿಸುವುದಿಲ್ಲ. ಮ್ಯಾಗ್ನೆಟ್ ಬಲವಾಗಿದ್ದಷ್ಟೂ ಅಂಚು ಮಸುಕಾಗುತ್ತದೆ, ಯಾಕಂದರೆ ಅದು 20ರ ಆಚೆಗೂ ಪರಮಾಣುಗಳನ್ನು ಬಲವಂತವಾಗಿ ಸಾಲು ನಿಲ್ಲಿಸುತ್ತಿರುತ್ತದೆ.

ಹಾಗೆ ಸಾಲು ನಿಲ್ಲಿಸಿದಾಗ ಗ್ಯಾಡೋಲಿನಿಯಂ ಬಿಸಿಯೂ ಆಗುತ್ತದೆ. 1 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಕ್ಷೇತ್ರಕ್ಕೆ ಒಮ್ಮೆಲೇ ಒಡ್ಡಿದರೆ 2ರಿಂದ 3 ಡಿಗ್ರಿ. ಕ್ಷೇತ್ರ ತೆಗೆದರೆ ಅಷ್ಟೇ ತಣ್ಣಗಾಗುತ್ತದೆ. ಈ ಪರಿಣಾಮ ಕ್ಯೂರಿ ಬಿಂದುವಿನ ಸುತ್ತ ಎಲ್ಲಕ್ಕಿಂತ ಜಾಸ್ತಿ. ಇದನ್ನೇ ಬಳಸಿ ಕೋಣೆಯ ಬಿಸಿಯಲ್ಲೇ ಕೆಲಸ ಮಾಡುವ ಮ್ಯಾಗ್ನೆಟಿಕ್ ಶೀತಕ ಯಂತ್ರವನ್ನು ನಾಸಾದ ಜಿ. ವಿ. ಬ್ರೌನ್ 1976ರಲ್ಲಿ ತೋರಿಸಿದರು.

ಇನ್ನು ಯಾಕೆ ಅನ್ನುವ ಪ್ರಶ್ನೆ. ಪ್ರತಿ ಪರಮಾಣುವೂ ಒಂದು ಪುಟ್ಟ ಮ್ಯಾಗ್ನೆಟ್. ಪಕ್ಕದ್ದು ಯಾವ ಕಡೆ ಇದೆಯೋ ತಾನೂ ಆ ಕಡೆ ತಿರುಗಬೇಕು ಅನ್ನುವ ಒತ್ತಡ ಅದಕ್ಕಿದೆ. ಬಿಸಿ ಅದನ್ನು ಅಲುಗಾಡಿಸುತ್ತದೆ. ಈ ಒತ್ತಡ ನಮಗೆ ಗೊತ್ತಿರುವ ಸಾಮಾನ್ಯ ಮ್ಯಾಗ್ನೆಟ್ ಸೆಳೆತ ಅಲ್ಲ. ಅದೊಂದೇ ಇದ್ದಿದ್ದರೆ ಕಬ್ಬಿಣ 1 ಕೆಲ್ವಿನ್ ಆಸುಪಾಸಿನಲ್ಲೇ ಕಾಂತತ್ವ ಕಳೆದುಕೊಳ್ಳಬೇಕಿತ್ತು, ಅದರ ನಿಜವಾದ ಅಂಚು ಇರುವುದು 1043 ಕೆಲ್ವಿನ್‌ನಲ್ಲಿ. ಇದು ಎಲೆಕ್ಟ್ರಾನುಗಳ ಕ್ವಾಂಟಂ ಗುಣದಿಂದ ಬರುವ ಒತ್ತಡ ಅಂತ ಹೈಸನ್‌ಬರ್ಗ್ 1928ರಲ್ಲಿ ವಿವರಿಸಿದರು. ಅದಕ್ಕೂ ಮೊದಲು, 1907ರಲ್ಲಿ, ಪಿಯರ್ ವೈಸ್ ಒಂದು ಸರಳ ಲೆಕ್ಕ ಹಾಕಿದ್ದರು. ಪ್ರತಿ ಪರಮಾಣುವಿಗೂ ಕಾಣುವುದು ಇಡೀ ಗುಂಪಿನ ಸರಾಸರಿ ಅಂತ ಇಟ್ಟುಕೊಂಡರು. ಆ ಲೆಕ್ಕದಿಂದ ಕ್ಯೂರಿ ತಾಪಮಾನ ಯಾಕೆ ಇರಬೇಕು ಅನ್ನುವುದು ಬಂತು, ಕ್ಯೂರಿ–ವೈಸ್ ನಿಯಮವೂ ಬಂತು. ಆದರೆ ಇಳಿಜಾರು ತಪ್ಪಾಗಿ ಬಂತು. 8 ಡಿಗ್ರಿಯಿಂದ 1 ಡಿಗ್ರಿಗೆ ಬಂದಾಗ ಕಾಂತತ್ವ 2.8 ಪಟ್ಟು ಇಳಿಯಬೇಕು ಅನ್ನುತ್ತದೆ ವೈಸ್ ಲೆಕ್ಕ. ಕಬ್ಬಿಣ, ನಿಕ್ಕಲ್ ಅಳೆದರೆ 2ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಸರಾಸರಿ ಅನ್ನುವುದು ಅಂಚಿನ ಹತ್ತಿರ ಯಾಕೆ ಸೋಲುತ್ತದೆ? ನಾಯಕನಹಟ್ಟಿ ತೇರಿನ ದಿನ ನೆನಪು ಮಾಡಿಕೊಳ್ಳಿ. ಬಯಲಿನ ತುಂಬಾ ಜನ, ತೇರು ಇನ್ನೂ ಕಾಣುತ್ತಿಲ್ಲ. ಯಾರಿಗೂ ಇಡೀ ಬಯಲು ಕಾಣುವುದಿಲ್ಲ, ಕಾಣುವುದು ಅಕ್ಕಪಕ್ಕದ ನಾಲ್ಕು ಜನ. ಒಬ್ಬ ಬಡಗಣಕ್ಕೆ ತಿರುಗಿ ಕತ್ತು ಎತ್ತಿದರೆ ಪಕ್ಕದವರೂ ತಿರುಗುತ್ತಾರೆ. ಇನ್ನೊಂದು ಕಡೆ ಬೇರೊಂದು ಗುಂಪು ತೆಂಕಣಕ್ಕೆ ತಿರುಗಿರುತ್ತದೆ. ದೊಡ್ಡ ಗುಂಪಿನ ನಡುವೆ ಎದುರು ದಿಕ್ಕಿಗೆ ನೋಡುವ ಹತ್ತು ಜನ, ಆ ಹತ್ತರ ನಡುವೆ ಮತ್ತೆ ಬೇರೆ ಕಡೆ ನೋಡುವ ಇಬ್ಬರು. ಕ್ಯೂರಿ ಬಿಂದುವಿನ ಹತ್ತಿರ ಲೋಹದ ಒಳಗೆ ಇರುವುದು ಇದೇ ಸ್ಥಿತಿ. ಎರಡು ಮೂರು ಪರಮಾಣುಗಳ ಗುಂಪಿನಿಂದ ಹಿಡಿದು ಲಕ್ಷಾಂತರ ಪರಮಾಣುಗಳ ಗುಂಪಿನವರೆಗೆ ಎಲ್ಲ ಗಾತ್ರದ ಗುಂಪುಗಳೂ ಒಂದರೊಳಗೊಂದು ಇರುತ್ತವೆ. ಹುಟ್ಟುತ್ತವೆ, ಬೆಳೆಯುತ್ತವೆ, ಚದುರುತ್ತವೆ. ಅಂಚಿಗೆ ಹತ್ತಿರವಾದಷ್ಟೂ ದೊಡ್ಡ ಗುಂಪುಗಳ ಗಾತ್ರ ಏರುತ್ತದೆ. ಅಂಚಿನ ಆಚೆಗೂ ಅವು ಒಮ್ಮೆಗೇ ಮಾಯವಾಗುವುದಿಲ್ಲ. ನ್ಯೂಟ್ರಾನ್‌ಗಳನ್ನು ಹಾಯಿಸಿದರೆ ಅವು ಚದುರಿ ಬರುವ ರೀತಿಯಲ್ಲೇ ಈ ಗುಂಪುಗಳು ಗೊತ್ತಾಗುತ್ತವೆ. ಗುಂಪು ದೊಡ್ಡದಾದಷ್ಟೂ ತಿರುಗಲು, ಚದುರಲು ಹಿಡಿಯುವ ಸಮಯವೂ ಜಾಸ್ತಿ. ಇಂಥಲ್ಲಿ ಸರಾಸರಿ ಹಿಡಿದು ಲೆಕ್ಕ ಹಾಕಿದರೆ ನಡೆಯುತ್ತಿರುವ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ. ಹುಡುಗ ಕೇಳಿದ ಆ ಎರಡು ಡಿಗ್ರಿಯಲ್ಲಿ ಆಗುವುದು ಇದು. ನನ್ನ ಪ್ರಕಾರ ಕಬ್ಬಿಣ ತನ್ನ ಜೀವನದಲ್ಲೇ ಅತಿ ಚಟುವಟಿಕೆಯಿಂದ ಇರುವುದು ಅಲ್ಲಿ.

ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. 1869ರಲ್ಲಿ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡನ್ನು ಒತ್ತಡದಲ್ಲಿಟ್ಟು ನೋಡಿದರು. 31 ಡಿಗ್ರಿಗಿಂತ ಕೆಳಗೆ ದ್ರವ ಬೇರೆ, ಅನಿಲ ಬೇರೆ. 31 ದಾಟಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಸರಿಯಾಗಿ ಆ ಅಂಚಿನಲ್ಲಿ ತಿಳಿಯಾದ ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ, ಯಾಕಂದರೆ ಒಳಗೆ ದಟ್ಟ ಮತ್ತು ವಿರಳ ಗುಂಪುಗಳು ಬೆಳಕಿನ ಅಲೆಯಷ್ಟು ದೊಡ್ಡದಾಗಿರುತ್ತವೆ. 1945ರಲ್ಲಿ ಗುಗೆನ್‌ಹೈಮ್ ಎಂಟು ವಸ್ತುಗಳ ದ್ರವ–ಅನಿಲ ಅಳತೆಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟರು. ಆರ್ಗಾನ್, ಕ್ಸೆನಾನ್, ಆಕ್ಸಿಜನ್, ಮೀಥೇನ್ ಎಲ್ಲ ಒಂದೇ ಗೆರೆಯ ಮೇಲೆ ಬಂದು ಕೂತವು. ಅಂಚಿನ ಹತ್ತಿರ ದ್ರವಕ್ಕೂ ಅನಿಲಕ್ಕೂ ಇರುವ ಸಾಂದ್ರತೆಯ ವ್ಯತ್ಯಾಸ ಇಳಿಯುತ್ತಿದ್ದ ಲೆಕ್ಕ ಯಾವುದು ಗೊತ್ತಾ? ಹೆಚ್ಚು ಕಮ್ಮಿ ಘನಮೂಲ! ಕುಲುಮೆಯ ಕೆಂಪು ಕಬ್ಬಿಣಕ್ಕೂ ಬಾಟಲಿಯೊಳಗಿನ ಅನಿಲಕ್ಕೂ ಏನು ನಂಟು? ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂದಿತ್ತು, ಈಗಲೂ ಅನ್ನುತ್ತದೆ.

ಗುಂಪುಗಳು ಅಷ್ಟು ದೊಡ್ಡದಾದಾಗ ಒಂದೊಂದು ಪರಮಾಣು ಯಾವುದು ಅನ್ನುವ ವಿವರ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಎರಡೇ ಪ್ರಶ್ನೆ. ವಸ್ತು ಎಷ್ಟು ಆಯಾಮಗಳಲ್ಲಿ ಹರಡಿದೆ? ಪುಟ್ಟ ಮ್ಯಾಗ್ನೆಟ್ಟುಗಳು ಎಷ್ಟು ದಿಕ್ಕಿಗೆ ತಿರುಗಬಲ್ಲವು? ಮೇಲೆ–ಕೆಳಗೆ ಎರಡೇ ದಿಕ್ಕು ಗೊತ್ತಿರುವ ಮ್ಯಾಗ್ನೆಟ್ಟಿನಲ್ಲಿ ಆ ಇಳಿಜಾರಿನ ಘಾತಾಂಕ (ಸರಿಯಾಗಿ ಘನಮೂಲವಾಗಿದ್ದರೆ ಅದು 0.333) ಸುಮಾರು 0.326, ದ್ರವ–ಅನಿಲಕ್ಕೂ ಅದೇ. ಎಲ್ಲ ದಿಕ್ಕಿಗೂ ತಿರುಗಬಲ್ಲ ಮ್ಯಾಗ್ನೆಟ್ಟಿಗೆ 0.365ರ ಹತ್ತಿರ, ಕಬ್ಬಿಣ–ನಿಕ್ಕಲ್ ಈ ಕಡೆಯವು. ಇದು ಹೀಗೇ ಯಾಕೆ ಅಂತ ಲೆಕ್ಕ ಮಾಡಿ ತೋರಿಸಿದ ಕೆನೆತ್ ವಿಲ್ಸನ್‌ಗೆ 1982ರ ನೊಬೆಲ್ ಬಂತು.

ಎರಡೇ ದಿಕ್ಕಿನ ಆ ಮಾದರಿಗೆ ಅರ್ನ್ಸ್ಟ್ ಇಸಿಂಗ್ ಹೆಸರು ಇದೆ. ಅವರು 1925ರಲ್ಲಿ ಒಂದೇ ಸಾಲಿನಲ್ಲಿ ನಿಂತ ಮ್ಯಾಗ್ನೆಟ್ಟುಗಳ ಲೆಕ್ಕ ಬಿಡಿಸಿದರು. ಸಾಲಿನಲ್ಲಿ ಕ್ಯೂರಿ ಬಿಂದುವೇ ಇಲ್ಲ ಅಂತ ಬಂತು. ಹಾಳೆಯಂತೆ ಹರಡಿದರೆ ಇದೆ ಅಂತ ಲಾರ್ಸ್ ಆನ್ಸಾಗರ್ 1944ರಲ್ಲಿ ಪೂರ್ತಿ ಬಿಡಿಸಿ ತೋರಿಸಿದರು. ನಮ್ಮ ಲೋಕದಂಥ ಮೂರು ಆಯಾಮದ ಮಾದರಿಯನ್ನು ಇವತ್ತಿಗೂ ಯಾರೂ ಆ ರೀತಿ ಪೂರ್ತಿ ಬಿಡಿಸಿಲ್ಲ. ಯಹೂದಿಯಾಗಿದ್ದ ಇಸಿಂಗ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಲಕ್ಸೆಂಬರ್ಗ್‌ನಲ್ಲಿ ಕಷ್ಟದ ದಿನ ಕಳೆದರು. ಆಮೇಲೆ ಅಮೆರಿಕದಲ್ಲಿ ಬಹಳ ವರ್ಷ ಪಾಠ ಮಾಡಿದರು. ಅವರು ಸಂಶೋಧನೆಗೆ ಹೆಚ್ಚು ಮರಳಲಿಲ್ಲ, ಅಧ್ಯಾಪಕರಾಗಿಯೇ ಬದುಕಿದರು. ಪಾಠ ಮಾಡುವವಳಾಗಿ ನನಗೆ ಅವರ ಮೇಲೆ ವಿಶೇಷ ಅಕ್ಕರೆ.

ನಿಮ್ಮ ಮನೆಯಲ್ಲೂ ಕ್ಯೂರಿ ಬಿಂದು ಇರಬಹುದು. ಕರೆಂಟಿನ ರೈಸ್ ಕುಕ್ಕರಿನ ತಳದ ನಡುವೆ ಒಂದು ಗುಂಡು ಬಿಲ್ಲೆ ಇರುತ್ತದೆ ನೋಡಿ. ಹಲವು ಕುಕ್ಕರುಗಳಲ್ಲಿ ಅದರೊಳಗೆ ಇರುವುದು 103 ಡಿಗ್ರಿ ಆಸುಪಾಸಿನ ಕ್ಯೂರಿ ಬಿಂದುವಿನ ಫೆರೈಟ್ (ಮ್ಯಾಗ್ನೆಟ್ಟಿಗೆ ಅಂಟುವ, ಕಬ್ಬಿಣದ ಆಕ್ಸೈಡಿನ ಸೆರಾಮಿಕ್) ಮತ್ತು ಒಂದು ಮ್ಯಾಗ್ನೆಟ್. ನೀರು ಇರುವವರೆಗೂ ತಳ ಕುದಿಯುವ ಬಿಸಿ ದಾಟುವುದಿಲ್ಲ. ಸಮುದ್ರ ಮಟ್ಟಕ್ಕಿಂತ 600 ಮೀಟರ್ ಮೇಲಿರುವ ನಮ್ಮ ದಾವಣಗೆರೆಯಲ್ಲಿ ಅದು 98ರ ಹತ್ತಿರ. ನೀರು ಇಂಗಿ ತಳ ಬಿಸಿಯೇರಿದಾಗ ಫೆರೈಟ್ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ತಳ್ಳುತ್ತದೆ, ಟಕ್.

ಇದನ್ನು ಅಳೆದು ನೋಡಬೇಕು ಅನ್ನುವ ವಿದ್ಯಾರ್ಥಿಗಳಿಗೆ ಗ್ಯಾಡೋಲಿನಿಯಂ ಸಿಗುವುದು ಕಷ್ಟ, ಫೆರೈಟ್ ಸುಲಭ. ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಕೇಳಿ. ಕರೆಂಟ್ ಒಳಗೆ ಬರುವ ಕಡೆ ಫೆರೈಟ್ ಬಳೆಗೆ ತಂತಿ ಸುತ್ತಿದ ಚೋಕ್ ಇರುತ್ತದೆ. ಇಂಥ ಬಳೆಗಳಲ್ಲಿ ಹಲವಕ್ಕೆ ಕ್ಯೂರಿ ಬಿಂದು 130ರ ಆಸುಪಾಸು. ಹಳೇ ತಂತಿ ಬಿಚ್ಚಿ ಎನಾಮಲ್ ತಂತಿಯ ಎರಡು ಸುರುಳಿ ಬೇರೆ ಬೇರೆಯಾಗಿ ಸುತ್ತಿ. ಒಂದಕ್ಕೆ ಸಿಗ್ನಲ್ ಜನರೇಟರಿನಿಂದ ಸಣ್ಣ ಕರೆಂಟ್, ಅದು ಬದಲಾಗದಂತೆ ಸಾಲಿನಲ್ಲಿ ಒಂದು ದೊಡ್ಡ ರೆಸಿಸ್ಟರ್. ಇನ್ನೊಂದಕ್ಕೆ ವೋಲ್ಟ್‌ಮೀಟರ್. ಬಳೆಯನ್ನು ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಮುಳುಗಿಸಿ (ಎಣ್ಣೆಗೆ ಹೆಸರಾದ ಚಳ್ಳಕೆರೆ ನಮಗೆ ಹತ್ತಿರವೇ ಇದೆ) ಸಣ್ಣ ಉರಿಯಲ್ಲಿ ಕಾಯಿಸಿ, 150 ದಾಟಿಸಬೇಡಿ. ಹತ್ತಿರ ನೀರು ಇಡಬೇಡಿ, ಒಂದು ಹನಿ ಬಿದ್ದರೂ ಎಣ್ಣೆ ಸಿಡಿಯುತ್ತದೆ.

ನಾವು ಮಾಡಿದಾಗ ಎಲ್ಲರೂ ಕಾದಿದ್ದು ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ ಅಂತ. ಅದು ಏರಿತು. ಅಂಚಿಗೆ ಸ್ವಲ್ಪ ಈಚೆ ತುದಿ ಮುಟ್ಟಿ, ಆಮೇಲೆ ಕೆಲವೇ ಡಿಗ್ರಿಗಳಲ್ಲಿ ನೆಲಕಚ್ಚಿತು. ಇದಕ್ಕೆ ಹಾಪ್ಕಿನ್ಸನ್ ಪರಿಣಾಮ ಅನ್ನುತ್ತಾರೆ, ಜಾನ್ ಹಾಪ್ಕಿನ್ಸನ್ ಕಬ್ಬಿಣದಲ್ಲಿ ಇದನ್ನು ಕಂಡಿದ್ದು 1889ರಲ್ಲಿ. ಪರಮಾಣುಗಳಿಗೆ ಹರಳಿನೊಳಗೆ ಇಂಥ ದಿಕ್ಕೇ ಬೇಕು ಅನ್ನುವ ಹಟ ಇರುತ್ತದೆ. ಬಿಸಿಯೇರಿದಾಗ ಆ ಹಟ ಕಾಂತತ್ವಕ್ಕಿಂತ ಬೇಗ ಸಡಿಲಾಗುತ್ತದೆ. ಆಗ ವಲಯಗಳ ಗಡಿ ಸಲೀಸಾಗಿ ಸರಿಯುತ್ತದೆ, ಸಣ್ಣ ಕ್ಷೇತ್ರಕ್ಕೂ ವಸ್ತು ಪೂರ್ತಿ ತಿರುಗಿಬಿಡುತ್ತದೆ.

ಕಾಯಿಸುವಾಗ ಒಂದು ಗೆರೆ, ಆರುವಾಗ ಇನ್ನೊಂದು ಗೆರೆ, ಎರಡನ್ನೂ ಒಂದೇ ನಕ್ಷೆಯ ಮೇಲೆ ಎಳೆಯಿರಿ. ಗುಪ್ತ ಉಷ್ಣ ಇಲ್ಲದ ಈ ಬಗೆಯ ಬದಲಾವಣೆಯಲ್ಲಿ ಎರಡೂ ಗೆರೆಗಳು ಒಂದೇ ತಾಪಮಾನದಲ್ಲಿ ಬೀಳಬೇಕು. ಐದಾರು ಡಿಗ್ರಿ ಅಂತರ ಬಂದರೆ ಉರಿ ಜಾಸ್ತಿಯಾಗಿದೆ ಅಂತ ಅರ್ಥ, ಥರ್ಮಾಮೀಟರ್ ಎಣ್ಣೆಯ ಬಿಸಿ ತೋರಿಸುತ್ತಿದೆ, ಬಳೆಯದಲ್ಲ. ಉರಿ ತಗ್ಗಿಸಿ, ಎಣ್ಣೆಯನ್ನು ಕಲಕುತ್ತಾ ಇನ್ನೊಮ್ಮೆ ಮಾಡಿ. ತುದಿಯಿಂದ ಕೆಳಗೆ ಬೀಳುವ ಆ ಕೆಲವು ಡಿಗ್ರಿಗಳಲ್ಲಿ ಅರ್ಧ ಡಿಗ್ರಿಗೊಂದು ರೀಡಿಂಗ್ ತೆಗೆದುಕೊಳ್ಳಿ.